ದೊಡ್ಡ ಹೆಜ್ಜೆ ಇಡಬೇಕು, ಆದರೆ ಕೈಯಲ್ಲಿ ಏನೂ ಇಲ್ಲ ಅನ್ನುವವರಿಗೆ: ಮಂಡ್ಯ, ಮೈಸೂರಿನಲ್ಲಿ ಏನನ್ನು ಎಲ್ಲಿ ಹುಡುಕಬೇಕು

ಕೆಲಸ ಬಿಟ್ಟು ಸ್ವಂತದ್ದು ಏನಾದರೂ ಶುರು ಮಾಡಬೇಕು. ಅರ್ಧಕ್ಕೆ ನಿಂತ ಡಿಗ್ರಿ ಮುಗಿಸಬೇಕು. ಬೆಂಗಳೂರು ಸಾಕು, ಊರಿಗೆ ಬಂದು ಅಪ್ಪನ ಜಮೀನು ನೋಡಿಕೊಳ್ಳಬೇಕು. ಇಂಥ ಒಂದು ಆಸೆ ಇಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತಿರುವವರು ನಮ್ಮ ಮಂಡ್ಯ, ಮೈಸೂರು ಕಡೆ ಮನೆಗೊಬ್ಬರು ಸಿಗುತ್ತಾರೆ. ಯಾಕೆ ಇನ್ನೂ ಶುರು ಮಾಡಿಲ್ಲ ಅಂತ ಕೇಳಿ ನೋಡಿ. "ಎಲ್ಲಿ, ಕೈಯಲ್ಲಿ ದುಡ್ಡೇ ಇಲ್ಲವಲ್ಲ" ಅನ್ನುತ್ತಾರೆ.

ಮಾತು ಸುಳ್ಳಲ್ಲ. ಆದರೆ ಆ ಮಾತಿನಿಂದ ಏನೂ ಮುಂದೆ ಹೋಗುವುದಿಲ್ಲ. "ದುಡ್ಡಿಲ್ಲ" ಅಂದರೆ ಎದುರಿಗಿದ್ದವರು ಅಯ್ಯೋ ಪಾಪ ಅಂದು ಸುಮ್ಮನಾಗುತ್ತಾರೆ. ಅದೇ "ವಾರಕ್ಕೆ ಎರಡು ದಿನ ಪ್ಯಾಕೆಟ್ ಸೀಲ್ ಮಾಡುವ ಮೆಷಿನ್ ಬೇಕಿತ್ತು" ಅಂದು ನೋಡಿ. "ಪಕ್ಕದ ಬೀದಿ ಚಿಪ್ಸ್ ಅಂಗಡಿಯಲ್ಲಿ ಇದೆ, ಕೇಳೋಣ ಇರಿ" ಅನ್ನುತ್ತಾರೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಏನು ಕಡಿಮೆ ಬಿದ್ದಿದೆಯೋ ಅದನ್ನು ಒಡೆಯುತ್ತಾ ಹೋಗಿ, ಒಬ್ಬ ಮನುಷ್ಯನೋ ಒಂದು ಕಚೇರಿಯೋ ಕೊಡಬಹುದಾದಷ್ಟು ಸಣ್ಣದು ಮಾಡಿ, ಆಮೇಲೆ ಹುಡುಕಲು ಹೊರಡಿ. ದುಡ್ಡಿನ ವಿಷಯ ಕೊನೆಗೆ ಇರಲಿ. ಅದು ಮುಖ್ಯವಲ್ಲ ಅಂತ ಅಲ್ಲ, ಉಳಿದದ್ದೆಲ್ಲ ಹೊಂದಿಸಿಕೊಂಡ ಮೇಲೆ ಎಷ್ಟು ಬೇಕು ಅನ್ನುವ ಲೆಕ್ಕವೇ ಬದಲಾಗಿರುತ್ತದೆ.

ಕೊರತೆಯನ್ನು ಒಡೆದು ಬರೆಯುವುದು

ನಮ್ಮ ಅತ್ತಿಗೆ ಮದ್ದೂರು ತಾಲ್ಲೂಕಿನವರು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದರು. ಔಷಧಿ ಹಾಕದ ಬೆಲ್ಲದ ಪುಡಿ ಮಾಡಿ ಪ್ಯಾಕೆಟ್‌ನಲ್ಲಿ ಮಾರಬೇಕು ಅನ್ನುವುದು ಅವರ ಆಸೆ. "ಐದು ಲಕ್ಷ ಬೇಕು, ಎಲ್ಲಿಂದ ತರಲಿ" ಅನ್ನುವುದು ಅವರ ಖಾಯಂ ಮಾತಾಗಿತ್ತು. ಒಂದು ದಿನ ಇಬ್ಬರೂ ಕೂತು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೆವು. ಐದು ಲಕ್ಷ ಯಾಕೆ? ಗಾಣಕ್ಕೆ, ಕೊಪ್ಪರಿಗೆಗೆ, ಶೆಡ್‌ಗೆ. ಗಾಣ ನಿಮಗೆ ಬೇಕಾ, ಬೆಲ್ಲ ಬೇಕಾ? ಬೆಲ್ಲ. ಹಾಗಾದರೆ ಸುತ್ತಮುತ್ತ ಇರುವ ಆಲೆಮನೆಗಳಲ್ಲಿ ಒಂದರಲ್ಲಿ ಮಾಡಿಸಿದರೆ ಆಗಲ್ವಾ? ಆಗುತ್ತೆ, ಆದರೆ ಅವರು ಬಣ್ಣಕ್ಕೆ ಅಂತ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ. ಹಾಕಬೇಡಿ ಅಂತ ಯಾರಾದರೂ ಕೇಳಿದ್ದೀರಾ? ಇಲ್ಲ.

ಹೀಗೆ ಕೇಳುತ್ತಾ ಹೋದಾಗ ಹಾಳೆಯ ಮೇಲೆ ಉಳಿದದ್ದು: ಒಪ್ಪುವ ಒಬ್ಬ ಆಲೆಮನೆಯವರು, ಪುಡಿ ಗಂಟು ಕಟ್ಟದ ಹಾಗೆ ಇಡುವುದು ಹೇಗೆ ಅನ್ನುವ ತಿಳಿವಳಿಕೆ, ಒಂದು ಸೀಲಿಂಗ್ ಮೆಷಿನ್, ಆಹಾರ ಪದಾರ್ಥ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ, ಮಗುವನ್ನು ನೋಡಿಕೊಳ್ಳುವವರು, ಮತ್ತೆ ಮೊದಲು ಕೊಳ್ಳುವ ಒಂದಷ್ಟು ಮನೆಗಳು. ಐದು ಲಕ್ಷ ಅನ್ನುವ ಸಾಲು ಅದರಲ್ಲಿ ಇರಲೇ ಇಲ್ಲ.

ಆಲೆಮನೆಗೆ ನಾನೂ ಅವರ ಜೊತೆ ಹೋಗಿದ್ದೆ. ಗಾಣದ ಸದ್ದಿನಲ್ಲಿ ಮಾತೇ ಕೇಳುವುದಿಲ್ಲ, ಕೊಪ್ಪರಿಗೆ ಪಕ್ಕ ನಿಂತು ಕೂಗಿಕೊಂಡೇ ಮಾತಾಡಬೇಕು. ಕಬ್ಬಿನ ಹಾಲು ಕುದಿದು ಮೇಲೆ ಮಡ್ಡಿ ಕಟ್ಟುತ್ತಿತ್ತು, ಒಬ್ಬರು ಅದನ್ನು ಜಾಲರಿಯಿಂದ ತೆಗೆದು ತೆಗೆದು ಪಕ್ಕಕ್ಕೆ ಹಾಕುತ್ತಿದ್ದರು. ಅತ್ತಿಗೆ ಕೇಳಿದ್ದಕ್ಕೆ ಯಜಮಾನರು, "ಔಷ್ದಿ ಹಾಕ್ದಿದ್ರೆ ಬಣ್ಣ ಬರಕಿಲ್ಲ ಕಣವ್ವ, ಮಂಡಿಲಿ ರೇಟ್ ಸಿಗಕಿಲ್ಲ. ನೀನೇ ತಗತೀನಿ ಅಂದ್ರೆ ಒಂದ್ ಕೊಪ್ಪರಿಗೆ ಹಂಗೇ ತೆಗ್ದುಕೊಡ್ತೀನಿ" ಅಂದರು. ಬಿಳಿ ಸುಣ್ಣ, ಬೆಂಡೆ ಗಿಡದ ಲೋಳೆ, ಇಷ್ಟರಲ್ಲೇ ಕಸ ತೆಗೆಯುವುದು ಅವರ ಅಪ್ಪನ ಕಾಲದಿಂದ ಗೊತ್ತಿತ್ತು, ಕೇಳುವವರು ಇರಲಿಲ್ಲ. ಆಲೆಮನೆ ಅವರದ್ದು, ಬೆಂಕಿ ಅವರದ್ದು, ಕೆಲಸ ಗೊತ್ತಿರುವ ಕೈ ಅವರದ್ದು. ಅತ್ತಿಗೆ ಕೊಟ್ಟದ್ದು "ನಾನೇ ಕೊಳ್ಳುತ್ತೇನೆ" ಅನ್ನುವ ಭರವಸೆ ಮತ್ತು ಒಂದು ಕೊಪ್ಪರಿಗೆಯ ದುಡ್ಡು. ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ನೂರು ಕೆಜಿ ಬೆಲ್ಲ ಬರುತ್ತದೆ, ಆ ಲೆಕ್ಕ ಹಿಡಿದರೆ ಒಂದು ಸಲಕ್ಕೆ ಎಷ್ಟು ಕೈಯಿಂದ ಹಾಕಬೇಕು ಅನ್ನುವುದು ನಿಮಗೇ ಗೊತ್ತಾಗುತ್ತದೆ.

ನಿಮ್ಮ ವಿಷಯ ಬೇರೆ ಇರಬಹುದು. ಆದರೂ ಪ್ರತಿ ಸಾಲಿಗೂ ಇದೇ ಪ್ರಶ್ನೆ ಕೇಳಿ: ಇದು ನನ್ನದಾಗಬೇಕಾ, ಬಳಸಲು ಸಿಕ್ಕರೆ ಸಾಕಾ? ದಿನಾ ಬೇಕಾ, ವಾರಕ್ಕೆ ಒಮ್ಮೆ ಸಾಕಾ? ಈಗಲೇ ಬೇಕಾ, ಆರು ತಿಂಗಳು ಬಿಟ್ಟು ಬಂದರೂ ನಡೆಯುತ್ತದಾ? ಜಮೀನಿಗೆ ಬರುವವರು ಮೊದಲ ವರ್ಷವೇ ಟ್ರ್ಯಾಕ್ಟರ್ ಸಾಲ ಮಾಡುವುದನ್ನು ನೋಡಿದರೆ ನನಗೆ ನಿಜವಾಗಲೂ ಸಂಕಟವಾಗುತ್ತದೆ. ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಇವೆ, ಕಡಿಮೆ ಬಾಡಿಗೆಗೆ ಯಂತ್ರ ಕೊಡುತ್ತವೆ. ಎರಡು ಬೆಳೆ ಅದರಲ್ಲೇ ತೆಗೆಯಿರಿ. ಆಮೇಲೂ ಟ್ರ್ಯಾಕ್ಟರ್ ಬೇಕು ಅನ್ನಿಸಿದರೆ ಆಗ ನೋಡೋಣ.

ಈಗಾಗಲೇ ಇರುವುದನ್ನು ಎಣಿಸಿ

ಇಲ್ಲದ್ದನ್ನು ಬರೆದಾದ ಮೇಲೆ ಇರುವುದನ್ನು ಬರೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡಿದವರಿಗೆ ಆಶ್ಚರ್ಯವಾಗುತ್ತದೆ.

ಮನೆಯಲ್ಲಿ ಹಸು ಇದ್ದು ಡೈರಿಗೆ ಹಾಲು ಹಾಕುತ್ತಿದ್ದೀರಾ? ಬಟವಾಡೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತಿದ್ದರೆ ಅದೇ ನಿಮ್ಮ ಆದಾಯದ ದಾಖಲೆ. ಸಂಬಳದ ಚೀಟಿ ಇಲ್ಲದವರಿಗೆ ಬ್ಯಾಂಕಿನಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಸ್ತ್ರೀಶಕ್ತಿ ಸಂಘದಲ್ಲೋ ಸಂಜೀವಿನಿ ಒಕ್ಕೂಟದಲ್ಲೋ ಇದ್ದರೆ ಸಂಘದ ಸಾಲ, ಜೊತೆಗೆ ಮೇಳಗಳಲ್ಲಿ ಮಾರುವ ಅವಕಾಶ ಎರಡೂ ಇರುತ್ತದೆ. ದಸರಾ ಸಮಯದಲ್ಲಿ ಮೈಸೂರಿನಲ್ಲಿ ಮಹಿಳಾ ಸಂಘಗಳ ಮಳಿಗೆಗಳನ್ನು ನೀವೂ ನೋಡಿರುತ್ತೀರಿ. ಅಲ್ಲಿ ಕೂತವರು ಒಂದು ಕಾಲಕ್ಕೆ ಮನೆಯಲ್ಲೇ ಉಪ್ಪಿನಕಾಯಿ ಹಾಕುತ್ತಿದ್ದವರೇ.

ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಈಗ ಅಡ್ಡಿಯಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಮಂಡ್ಯದಿಂದ ಮೈಸೂರಿಗೆ ತರಬೇತಿಗೆ ಓಡಾಡುವವರಿಗೆ ತಿಂಗಳಿಗೆ ಉಳಿಯುವುದು ಸಣ್ಣ ಮೊತ್ತವೇನಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಬೇರೆ ಖಾತೆಗೆ ಹಾಕಿಟ್ಟರೆ ಹನ್ನೆರಡು ಕಂತಿಗೆ 24,000 ಆಗುತ್ತದೆ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲಸ ಬಿಡುವವರು ಗ್ರಾಚ್ಯುಟಿ ವಿಷಯ ಮರೆಯಲೇಬಾರದು. ಖಾಯಂ ಕೆಲಸದಲ್ಲಿ ಐದು ವರ್ಷ ತುಂಬಿದರೆ ಅದು ನಿಮ್ಮ ಹಕ್ಕು. ಕೊನೆಯ ತಿಂಗಳ ಮೂಲ ಸಂಬಳ ಮತ್ತು ಡಿಎ ಸೇರಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ವರ್ಷಗಳಿಂದ ಗುಣಿಸಬೇಕು. 13,000 ಇದ್ದರೆ ವರ್ಷಕ್ಕೆ 7,500, ಐದು ವರ್ಷಕ್ಕೆ 37,500. ನಾಲ್ಕೂವರೆ ವರ್ಷಕ್ಕೆ ಸೂಪರ್‌ವೈಸರ್ ಬೈದ ಅಂತ ರಾಜೀನಾಮೆ ಚೀಟಿ ಕೊಟ್ಟು ಬಂದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಆ ಕೆಲವು ತಿಂಗಳು ತಡೆದುಕೊಳ್ಳಿ. ಪಿಎಫ್‌ನಲ್ಲಿ ಹೆಸರು, ಹುಟ್ಟಿದ ದಿನಾಂಕ, ಆಧಾರ್ ಎಲ್ಲ ಒಂದೇ ಥರ ಇದೆಯಾ ಅಂತ ಕೆಲಸದಲ್ಲಿ ಇರುವಾಗಲೇ ನೋಡಿ ಸರಿ ಮಾಡಿಸಿ, ಬಿಟ್ಟ ಮೇಲೆ ಎಚ್‌ಆರ್ ಫೋನ್ ಎತ್ತುವುದಿಲ್ಲ. ಇನ್ನೊಂದು ವಿಷಯ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಅದರ ಹತ್ತಿರ ಇರುವವರು ಪಿಂಚಣಿಯ ಭಾಗವನ್ನು ಪೂರ್ತಿ ತೆಗೆದುಬಿಡುವ ಮೊದಲು ಎರಡು ಸಲ ಯೋಚಿಸಿ.

ಕೇಳುವುದು ಹೇಗೆ

ನಮ್ಮಲ್ಲಿ ಕೇಳುವುದು ಅಂದರೆ ಕೈಚಾಚಿದ ಹಾಗೆ ಅನ್ನುವ ಸಂಕೋಚ ಇದೆ. ಅದರಲ್ಲೂ ಸ್ವಲ್ಪ ಮರ್ಯಾದಸ್ಥ ಮನೆಯವರಿಗೆ, ನಾಲ್ಕು ಜನ ಏನಂದುಕೊಳ್ಳುತ್ತಾರೋ ಅಂತ. ನನ್ನ ಅನುಭವದಲ್ಲಿ, ಕೇಳುವ ವಿಷಯ ಸಣ್ಣದಾಗಿ ಸ್ಪಷ್ಟವಾಗಿ ಇದ್ದರೆ ಜನರಿಗೆ ಸಹಾಯ ಮಾಡುವುದು ಖುಷಿಯೇ. ಏನು ಬೇಕು ಅಂತಲೇ ಹೇಳದೆ "ಏನಾದರೂ ದಾರಿ ತೋರಿಸಿ ಅಣ್ಣ" ಅಂದಾಗ ಮಾತ್ರ ಅವರೂ ಕಂಗಾಲಾಗುತ್ತಾರೆ.

ಯಾರನ್ನು ಕೇಳಬೇಕು? ಊರಿನ ದೊಡ್ಡ ಮನುಷ್ಯರನ್ನು ಮೊದಲು ಕೇಳಬೇಡಿ. ನೀವು ಇಡಬೇಕೆಂದಿರುವ ಹೆಜ್ಜೆಯನ್ನು ಎರಡು ಮೂರು ವರ್ಷದ ಹಿಂದೆ ಇಟ್ಟವರನ್ನು ಹುಡುಕಿ. ಇಪ್ಪತ್ತು ವರ್ಷದ ಹಿಂದೆ ಶುರು ಮಾಡಿದವರಿಗೆ ಆಗಿನ ಕಷ್ಟ ಮರೆತಿರುತ್ತದೆ, ಆಗಿನ ಕಾನೂನೂ ಈಗ ಇಲ್ಲ. ಮೊನ್ನೆ ಮೊನ್ನೆ ದಾಟಿದವರಿಗೆ ಯಾವ ಟೇಬಲ್‌ನಲ್ಲಿ ಫೈಲ್ ನಿಲ್ಲುತ್ತದೆ, ಯಾವ ಕಾಗದ ಎರಡು ಸಲ ಕೇಳುತ್ತಾರೆ, ಯಾರ ಹತ್ತಿರ ಮೆಷಿನ್ ಕೊಂಡರೆ ಸರ್ವೀಸ್‌ಗೆ ಬರುತ್ತಾರೆ ಎಲ್ಲ ಬಾಯಲ್ಲೇ ಇರುತ್ತದೆ. ಇಂಥವರ ಅರ್ಧ ಗಂಟೆ ನಿಮಗೆ ತಿಂಗಳುಗಳನ್ನು ಉಳಿಸುತ್ತದೆ.

ವಾಟ್ಸಾಪ್‌ನಲ್ಲಿ ಹೀಗೆ ಕಳಿಸಿ: "ನಮಸ್ಕಾರ ಅಕ್ಕ. ನಾನು ಮದ್ದೂರಿನ ಇಂಥವರ ಮನೆಯವಳು. ನೀವು ರಾಗಿ ಮಾಲ್ಟ್ ಮಾಡುತ್ತಿರುವುದು ಗೊತ್ತಾಯಿತು. ನಾನೂ ಬೆಲ್ಲದ ಪುಡಿ ಮಾಡಬೇಕು ಅಂತಿದ್ದೇನೆ. ಪ್ಯಾಕಿಂಗ್ ಕವರ್ ಎಲ್ಲಿ ತರುತ್ತೀರಿ, ಲೇಬಲ್‌ನಲ್ಲಿ ಏನೇನು ಇರಬೇಕು, ಈ ಎರಡು ವಿಷಯ ಕೇಳಬೇಕಿತ್ತು. ಈ ವಾರ ನಿಮಗೆ ಬಿಡುವಾದಾಗ ಹತ್ತು ನಿಮಿಷ ಫೋನ್ ಮಾಡಲಾ?" ಯಾರು, ಏನು, ಎಷ್ಟು ಹೊತ್ತು. ಇಷ್ಟಿದ್ದರೆ ಹೆಚ್ಚಿನವರು ಆಯ್ತು ಅನ್ನುತ್ತಾರೆ. ಮಾತು ಮುಗಿಯುವಾಗ "ಇನ್ನು ಯಾರನ್ನು ಕೇಳಿದರೆ ಒಳ್ಳೆಯದು?" ಅಂತ ಕೇಳುವುದನ್ನು ಮರೆಯಬೇಡಿ. ಅವರು ಹೇಳಿದ ಹಾಗೆ ಮಾಡಿದ ಮೇಲೆ ಏನಾಯಿತು ಅಂತ ತಿರುಗಿ ತಿಳಿಸಿ. ಇದನ್ನು ಮಾಡುವವರು ತುಂಬಾ ಕಡಿಮೆ. ಮಾಡಿದವರಿಗೆ ಎರಡನೇ ಸಲ ಬಾಗಿಲು ತಾನಾಗಿ ತೆರೆಯುತ್ತದೆ.

ನೆಂಟರ ಹತ್ತಿರ ಕೈಸಾಲ ಕೇಳುವುದಾದರೆ ಬರೆದುಕೊಡಿ. ಎಷ್ಟು, ಯಾವಾಗಿನಿಂದ ತಿಂಗಳಿಗೆ ಎಷ್ಟು ವಾಪಸ್, ತಡವಾದರೆ ಏನು. "ನಮ್ಮ ನಮ್ಮಲ್ಲಿ ಕಾಗದ ಯಾಕೆ" ಅಂತ ಅವರೇ ಅಂದರೂ ಬರೆದುಕೊಡಿ. ಸಂಬಂಧ ಉಳಿಯಲಿ ಅಂತಲೇ ಅದು.

ಕಲಿಕೆ ಎಲ್ಲಿ ಸಿಗುತ್ತದೆ

ಈ ವಿಷಯದಲ್ಲಿ ನಮ್ಮ ಎರಡು ಜಿಲ್ಲೆಯವರು ಅದೃಷ್ಟವಂತರು. ಬೇರೆ ರಾಜ್ಯದವರು ರೈಲು ಹತ್ತಿ ಬಂದು ಕಲಿಯುವ ಸಂಸ್ಥೆಗಳು ನಮ್ಮ ಮನೆಯ ಪಕ್ಕದಲ್ಲೇ ಇವೆ, ನಾವು ಗೇಟ್ ನೋಡಿಕೊಂಡು ಓಡಾಡುತ್ತೇವೆ.

ಮೈಸೂರು ರೈಲ್ವೆ ಸ್ಟೇಷನ್ ಹತ್ತಿರದ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ಇದೆ. ಆಹಾರಕ್ಕೆ ಸಂಬಂಧಿಸಿದ ಏನೇ ಮಾಡುವುದಿದ್ದರೂ ಅವರ ಕಡಿಮೆ ಅವಧಿಯ ತರಬೇತಿಗಳ ಪಟ್ಟಿ ನೋಡಿ. ಶುಲ್ಕ ಇರುತ್ತದೆ, ಆದರೆ ಪುಡಿ ಯಾಕೆ ಗಂಟು ಕಟ್ಟುತ್ತದೆ, ತೇವ ಎಷ್ಟಿರಬೇಕು, ಯಾವ ಕವರ್ ಹಾಕಿದರೆ ಎಷ್ಟು ತಿಂಗಳು ಬಾಳಿಕೆ ಬರುತ್ತದೆ ಅನ್ನುವಂಥ ಪ್ರಶ್ನೆಗೆ ಅಲ್ಲಿ ಸರಿಯಾದ ಉತ್ತರ ಸಿಗುತ್ತದೆ. ಬೆಲ್ಲ, ಕಬ್ಬು ಅಂದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ. ಅಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಮೈಸೂರು ಜಿಲ್ಲೆಯವರಿಗೆ ಸುತ್ತೂರಿನಲ್ಲಿ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ. ರೇಷ್ಮೆ ಅಂದರೆ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ.

ದುಡ್ಡು ಕೊಡಲು ಆಗುವುದಿಲ್ಲ ಅನ್ನುವವರಿಗೆ ಸ್ವಯಂ ಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ ಶುರು ಮಾಡಿದ್ದು ಇದು. ಆಮೇಲೆ ಇದೇ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಯಲ್ಲಿ ಆರ್‌ಸೆಟಿ ಬಂದವು. ಮೈಸೂರಿನಲ್ಲಿ ರುಡ್‌ಸೆಟ್ ಶಾಖೆಯೇ ಇದೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಟೈಲರಿಂಗ್, ಮೊಬೈಲ್ ರಿಪೇರಿ, ಹೈನುಗಾರಿಕೆ, ಬ್ಯೂಟಿ ಪಾರ್ಲರ್, ಫೋಟೋಗ್ರಫಿ, ಹೀಗೆ ಸಾಕಷ್ಟು ಇದೆ. ಆ ಪ್ರಮಾಣಪತ್ರಕ್ಕೆ ಬ್ಯಾಂಕಿನಲ್ಲಿ ಒಂದು ತೂಕ ಇದೆ, ಮತ್ತೆ ಅಲ್ಲಿ ಜೊತೆಗೆ ಕಲಿತವರ ಗುಂಪು ಆಮೇಲೆ ತುಂಬಾ ಕೆಲಸಕ್ಕೆ ಬರುತ್ತದೆ.

ಡಿಗ್ರಿ ನಿಂತುಹೋಗಿದೆ ಅನ್ನುವವರಿಗೆ ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಇದೆ. ಕೆಲಸ ಮಾಡಿಕೊಂಡೇ ಓದಬಹುದು. ಇವರಿಗೆ ಕಡಿಮೆ ಬೀಳುವುದು ಫೀಸಿಗಿಂತ ಜಾಸ್ತಿ ಓದಲು ಒಂದು ಜಾಗ. ಎರಡು ರೂಮಿನ ಮನೆಯಲ್ಲಿ ಟಿವಿ ಸದ್ದಿನ ನಡುವೆ ಓದುವುದು ಆಗದ ಮಾತು. ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದು ಸಂಜೆ ಹೋಗಿ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಅಲ್ಲಿ ಗುಂಪು ಕಟ್ಟಿಕೊಂಡು ಕೂತಿರುತ್ತಾರೆ. ಪಕ್ಕದಲ್ಲಿ ಜಾಗ ಮಾಡಿಕೊಡುತ್ತಾರೆ.

ಹೊತ್ತು ಮತ್ತು ಮನೆಯವರು

ಗಾರ್ಮೆಂಟ್ಸ್ ಬಸ್ ಹತ್ತಲು ಬೆಳಿಗ್ಗೆ ಏಳುವವರಿಗೆ "ದಿನಾ ಎರಡು ಗಂಟೆ ಎತ್ತಿಡಿ" ಅಂತ ಹೇಳುವುದು ಸುಲಭ. ಅದು ಎಲ್ಲಿಂದ ಬರಬೇಕು? ಯಾರಾದರೂ ನಿಮ್ಮ ಒಂದು ಕೆಲಸ ತೆಗೆದುಕೊಂಡರೆ ಮಾತ್ರ ಬರುತ್ತದೆ. ಹಾಗಾಗಿ ಇದನ್ನೂ ಒಂದೊಂದೇ ಕೆಲಸವಾಗಿ ಕೇಳಿ. "ಸಹಾಯ ಮಾಡಿ" ಅನ್ನುವ ಬದಲು "ಭಾನುವಾರ ಮಧ್ಯಾಹ್ನದ ಅಡುಗೆ ನೀವು ಮಾಡಿ", "ಮಗೂನ ಮಂಗಳವಾರ, ಶುಕ್ರವಾರ ಸಂಜೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ" ಅನ್ನಿ. ಮೂರು ವರ್ಷ ದಾಟಿದ ಮಗುವಿಗೆ ಅಂಗನವಾಡಿ ಇದೆ. ಅದಕ್ಕಿಂತ ಸಣ್ಣ ಮಕ್ಕಳಿಗೆ ಕೆಲವು ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಇದೆ, ನರೇಗಾ ಕೂಲಿಯವರ ಮಕ್ಕಳಿಗೆ ಅಂತ ಶುರುವಾದದ್ದು. ನಿಮ್ಮ ಪಂಚಾಯಿತಿಯಲ್ಲಿ ಕೇಳಿ ನೋಡಿ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಮನೆಯ ಹಿರಿಯರು ಹೇಳಿಯೇ ಹೇಳುತ್ತಾರೆ. ಅವರ ಭಯ ನಿಜವಾದದ್ದು, ಅದನ್ನು ತಳ್ಳಿಹಾಕಬೇಡಿ. ಮನೆಯ ತಿಂಗಳ ಖರ್ಚನ್ನು ಅವರ ಎದುರೇ ಕೂತು ಬರೆಯಿರಿ. ಎಷ್ಟು ತಿಂಗಳು ಸಂಬಳ ಇಲ್ಲದೆ ನಡೆಸಬಹುದು, ಹೆಚ್ಚೆಂದರೆ ಎಷ್ಟು ದುಡ್ಡು ಹೋದರೆ ನಿಲ್ಲಿಸಿ ವಾಪಸ್ ಕೆಲಸಕ್ಕೆ ಹೋಗುವುದು ಅಂತ ಮೊದಲೇ ಒಂದು ಗೆರೆ ಹಾಕಿ. ಆಸ್ಪತ್ರೆ ಖರ್ಚಿನ ಮಾತು ಬಂದೇ ಬರುತ್ತದೆ. ಕೆಲಸ ಬಿಟ್ಟರೆ ಸ್ವಲ್ಪ ಕಾಲದಲ್ಲಿ ಇಎಸ್‌ಐ ನಿಲ್ಲುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಹಾಲಿನ ಸೊಸೈಟಿಯೋ ಬೇರೆ ಸಹಕಾರ ಸಂಘವೋ ಸದಸ್ಯತ್ವ ಇದ್ದರೆ ಯಶಸ್ವಿನಿಗೆ ಸೇರಬಹುದು. ಇದನ್ನು ಮಾಡಿಸಿ ಕಾರ್ಡ್ ತೋರಿಸಿದರೆ ಮನೆಯಲ್ಲಿ ಅರ್ಧ ವಿರೋಧ ಕಡಿಮೆಯಾಗುತ್ತದೆ.

ಈಗ ದುಡ್ಡು

ಇಷ್ಟೆಲ್ಲ ಆದ ಮೇಲೂ ದುಡ್ಡು ಬೇಕು, ಅಲ್ವಾ. ಬೇಕು. ಆದರೆ ಈಗ ನಿಮ್ಮ ಕೈಯಲ್ಲಿ ಒಂದು ಸರಿಯಾದ ಅಂಕಿ ಇದೆ.

ಮೊದಲು ಸಿಬಿಲ್, ಅಂದರೆ ನಿಮ್ಮ ಸಾಲ ಮರುಪಾವತಿಯ ಚರಿತ್ರೆಯ ವರದಿ, ನೋಡಿಕೊಳ್ಳಿ. ವರ್ಷಕ್ಕೆ ಒಂದು ಸಲ ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ. ಅಂಕ 300ರಿಂದ 900ರವರೆಗೆ ಇರುತ್ತದೆ. ನೀವು ಮರೆತೇಬಿಟ್ಟ ಮೊಬೈಲ್ ಕಂತು, ಬಾವನಿಗೆ ಹಾಕಿದ ಜಾಮೀನು, ಮೈಕ್ರೋಫೈನಾನ್ಸ್ ಸಾಲ ಎಲ್ಲ ಅದರಲ್ಲಿ ಕಾಣುತ್ತದೆ. ಮ್ಯಾನೇಜರ್ ಎದುರು ಕೂತಾಗ ಗೊತ್ತಾಗುವ ಬದಲು ಮನೆಯಲ್ಲೇ ಗೊತ್ತಾಗಲಿ.

ಆಮೇಲೆ ಯೋಜನೆ. ಮಿತಿ, ಅವಧಿ ಆಗಾಗ ಬದಲಾಗುತ್ತವೆ, ಅರ್ಜಿಗೆ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಮ್ಮೆ ಕೇಳಿಕೊಂಡೇ ಮುಂದೆ ಹೋಗಿ. 2008ರಲ್ಲಿ ಬಂದ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ, ಹೊಸ ಘಟಕಗಳಿಗೆ ಸಬ್ಸಿಡಿ ಸಮೇತ ಸಾಲದ ಯೋಜನೆ. ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆ ಹಾಕಬಹುದು. ಹಳ್ಳಿಯಲ್ಲಿ ಸಾಮಾನ್ಯ ವರ್ಗದವರಿಗೆ 25 ಪರ್ಸೆಂಟ್ ಸಬ್ಸಿಡಿ, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರಿಗೆ 35. ಪಟ್ಟಣದಲ್ಲಿ ಇದೇ 15 ಮತ್ತು 25. ಮದ್ದೂರು ಪಕ್ಕದ ಹಳ್ಳಿಯ ಒಬ್ಬ ಹೆಣ್ಣುಮಗಳು 5 ಲಕ್ಷದ ಘಟಕ ಹಾಕುತ್ತಾರೆ ಅಂದುಕೊಳ್ಳಿ. ಅವರು ಕೈಯಿಂದ ಹಾಕಬೇಕಾದದ್ದು 5 ಪರ್ಸೆಂಟ್, ಅಂದರೆ 25,000. ಮೇಲೆ ಹೇಳಿದ ಗೃಹಲಕ್ಷ್ಮಿಯ 24,000 ಇಲ್ಲಿಗೇ ಬಂತು ನೋಡಿ. ಬ್ಯಾಂಕ್ 4,75,000 ಕೊಡುತ್ತದೆ, ಸಬ್ಸಿಡಿ 1,75,000.

ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಿ, ಇಲ್ಲಿ ತುಂಬಾ ಜನ ಎಡವುತ್ತಾರೆ. ಸಬ್ಸಿಡಿ ಕೈಗೆ ಸಿಗುವ ದುಡ್ಡಲ್ಲ. ಅದು ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಡೆಪಾಸಿಟ್ ಆಗಿ ಮೂರು ವರ್ಷ ಕೂತಿರುತ್ತದೆ. ಘಟಕ ನಡೆಯುತ್ತಿದೆ ಅಂತ ಖಾತ್ರಿಯಾದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಅಲ್ಲಿಯವರೆಗೆ ಕಂತು ಕಟ್ಟುತ್ತಲೇ ಇರಬೇಕು. ಜಮೀನಿನ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸುವ ಹಾಗಿಲ್ಲ. ಸಾಲ ಮಂಜೂರಾಗುವ ಮೊದಲೇ ಮೆಷಿನ್ ಕೊಳ್ಳಬೇಡಿ, ಆಮೇಲೆ ಅದನ್ನು ಲೆಕ್ಕಕ್ಕೆ ತರುವುದು ಕಷ್ಟ.

ತಿನ್ನುವ ಪದಾರ್ಥ ಮಾಡುವವರಿಗೆ ಕಿರು ಆಹಾರ ಉದ್ಯಮಗಳ ಕೇಂದ್ರದ ಯೋಜನೆ ಪಿಎಂಎಫ್‌ಎಂಇ ಇನ್ನೂ ಚೆನ್ನಾಗಿದೆ. 2020ರಲ್ಲಿ ಬಂದದ್ದು. ಕೇಂದ್ರದ 35 ಪರ್ಸೆಂಟ್‌ಗೆ ಕರ್ನಾಟಕ ಸರ್ಕಾರ 15 ಸೇರಿಸಿ 50 ಮಾಡಿದೆ, ಗರಿಷ್ಠ 15 ಲಕ್ಷ. ಒಂದು ಜಿಲ್ಲೆ ಒಂದು ಉತ್ಪನ್ನದಲ್ಲಿ ಮಂಡ್ಯಕ್ಕೆ ಬಂದಿರುವುದೇ ಬೆಲ್ಲ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅನ್ನುವ ವ್ಯವಸ್ಥೆ. ಅರ್ಜಿ ಹಾಕುವುದು, ಯೋಜನಾ ವರದಿ ಮಾಡುವುದು, ಬ್ಯಾಂಕ್ ಓಡಾಟ ಎಲ್ಲಕ್ಕೂ ಇವರು ಜೊತೆಗಿರುತ್ತಾರೆ. ಇವರಿಗೆ ಸಂಭಾವನೆಯನ್ನು ಯೋಜನೆಯೇ ಕೊಡುತ್ತದೆ, ನೀವು ಕೊಡಬೇಕಾಗಿಲ್ಲ. ಕೃಷಿ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಯಲ್ಲಿ ಕೇಳಿದರೆ ಅವರ ಫೋನ್ ನಂಬರ್ ಕೊಡುತ್ತಾರೆ.

ಟೈಲರ್, ಬಡಗಿ, ಕುಂಬಾರ, ಅಕ್ಕಸಾಲಿಗ, ಹೀಗೆ 18 ಕಸುಬಿನವರಿಗೆ 2023ರ ಸೆಪ್ಟೆಂಬರ್‌ನಿಂದ ಪಿಎಂ ವಿಶ್ವಕರ್ಮ ಇದೆ. ಸಲಕರಣೆಗೆ 15,000, ಮೊದಲ ಸಾಲ 1 ಲಕ್ಷದವರೆಗೆ, ಬಡ್ಡಿ 5 ಪರ್ಸೆಂಟ್. ಸಣ್ಣ ಮೊತ್ತ ಸಾಕು ಅನ್ನುವವರಿಗೆ ಮುದ್ರಾ: ಶಿಶು 50,000ದವರೆಗೆ, ಕಿಶೋರ್ 5 ಲಕ್ಷ, ತರುಣ್ 10 ಲಕ್ಷ. ಅಡಮಾನ ಬೇಡ.

ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಶುಲ್ಕವಿಲ್ಲ. ಸರ್ಕಾರದ್ದೇ ಅನ್ನಿಸುವ ಹಾಗೆ ಕಾಣುವ ಖಾಸಗಿ ವೆಬ್‌ಸೈಟ್‌ಗಳು ದುಡ್ಡು ಕೇಳುತ್ತವೆ, ಕೊಡಬೇಡಿ. "ಸಬ್ಸಿಡಿ ಮಾಡಿಸಿಕೊಡುತ್ತೇನೆ, ಹತ್ತು ಪರ್ಸೆಂಟ್ ಕೊಡಿ" ಅನ್ನುವವರಿಗೂ ಕೊಡಬೇಡಿ. ತಾಲ್ಲೂಕು ಕಚೇರಿ ಸುತ್ತ ಇಂಥವರು ಯಾವಾಗಲೂ ಇರುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಇವತ್ತೇ ಅರ್ಜಿ ಹಾಕಿ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನದ ಗಡಿಬಿಡಿಯಲ್ಲೇ ಜನ ಏಜೆಂಟ್ ಹತ್ತಿರ ಹೋಗುವುದು.

ಮೀಟರ್ ಬಡ್ಡಿಗೆ ಹೋಗಲೇಬೇಡಿ, ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆ. ನಮ್ಮ ಮೈಸೂರು, ಮಂಡ್ಯ, ಚಾಮರಾಜನಗರದಲ್ಲಿ ಸಾಲ ವಸೂಲಿಯ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಎಲ್ಲರೂ ಓದಿದ್ದೇವೆ. 2025ರಲ್ಲಿ ರಾಜ್ಯ ಸರ್ಕಾರ ಇದಕ್ಕಾಗಿಯೇ ಕಾನೂನು ತಂದಿತು. ಚೀಟಿ ಎತ್ತಿ ಬಂಡವಾಳ ಮಾಡುವ ಯೋಚನೆ ಇದ್ದರೆ ನೋಂದಣಿ ಇರುವ ಕಡೆ ಹಾಕಿ. ಸರ್ಕಾರದ ಎಂಎಸ್‌ಐಎಲ್ ಕೂಡ ಚಿಟ್ ಫಂಡ್ ನಡೆಸುತ್ತದೆ.

ಬ್ಯಾಂಕಿಗೆ ಹೋಗುವ ದಿನ

ಸೋಮವಾರ ಬೇಡ, ತಿಂಗಳ ಮೊದಲ ವಾರ ಬೇಡ. ಪಿಂಚಣಿಯವರ ಸಾಲೇ ಬಾಗಿಲವರೆಗೆ ಇರುತ್ತದೆ. ನಿಮ್ಮ ಖಾತೆ ಓಡಾಡುತ್ತಿರುವ ಶಾಖೆಗೇ ಹೋಗಿ. ಜೊತೆಗೆ ಆರು ತಿಂಗಳ ಪಾಸ್‌ಬುಕ್ ಎಂಟ್ರಿ, ಮೆಷಿನ್ ಕೊಟೇಶನ್, ಜಾಗದ ಬಾಡಿಗೆ ಕರಾರು ಅಥವಾ ಮನೆಯ ಖಾತೆ, ತರಬೇತಿಯ ಪ್ರಮಾಣಪತ್ರ ಇರಲಿ. ಇದಕ್ಕಿಂತ ಮುಖ್ಯ, ಈಗಾಗಲೇ ಮಾರಿರುವುದರ ಲೆಕ್ಕ. ಅತ್ತಿಗೆ ಹೋದಾಗ ಎದುರಿಗಿದ್ದ ಅಧಿಕಾರಿ ವರದಿಯ ಹಾಳೆ ಎರಡೇ ತಿರುವಿದರು. ನೋಟ್‌ಬುಕ್‌ನಲ್ಲಿ ಯಾವ ಮನೆಗೆ ಎಷ್ಟು ಕೆಜಿ ಹೋಯಿತು, ಯಾರು ಎರಡನೇ ಸಲ ತೆಗೆದುಕೊಂಡರು ಅಂತ ಬರೆದಿದ್ದನ್ನು ಮಾತ್ರ ಬೆರಳಿಟ್ಟು ಓದಿದರು. ಫೋನ್‌ಪೇಯಲ್ಲಿ ದುಡ್ಡು ಬಂದಿದ್ದರೆ ಇನ್ನೂ ಒಳ್ಳೆಯದು, ಖಾತೆಯಲ್ಲೇ ಕಾಣುತ್ತದೆ. ಅದಕ್ಕೇ ಸಾಲ ಸಿಗುವ ಮೊದಲೇ ಸಣ್ಣದಾಗಿ ಮಾರಲು ಶುರು ಮಾಡಿ ಅನ್ನುವುದು. ಹತ್ತು ಮನೆಗೆ ಮಾರಿದ ಲೆಕ್ಕ ಚಂದದ ವರದಿಗಿಂತ ಜಾಸ್ತಿ ಮಾತಾಡುತ್ತದೆ.

ಮ್ಯಾನೇಜರ್ ಕೇಳುವುದು ಹೆಚ್ಚಾಗಿ ಮೂರೇ ವಿಷಯ. ಯಾರು ಕೊಳ್ಳುತ್ತಾರೆ? ತಿಂಗಳಿಗೆ ಎಷ್ಟು ಉಳಿಯುತ್ತದೆ? ವ್ಯಾಪಾರ ಕಡಿಮೆಯಾದ ತಿಂಗಳು ಕಂತು ಎಲ್ಲಿಂದ ಕಟ್ಟುತ್ತೀರಿ? ಮೂರನೆಯದಕ್ಕೆ ಉತ್ತರ ಇಟ್ಟುಕೊಂಡು ಹೋಗುವವರು ಕಡಿಮೆ. ಹಾಲಿನ ಬಟವಾಡೆ, ಮನೆಯವರ ಸಂಬಳ, ಬಾಡಿಗೆ, ಏನಿದೆಯೋ ಅದನ್ನು ಧೈರ್ಯವಾಗಿ ಹೇಳಿ.

ಇಲ್ಲ ಅಂದರೆ? ಒಂದು ಶಾಖೆ ಇಲ್ಲ ಅಂದರೆ ಎಲ್ಲ ಶಾಖೆಯೂ ಇಲ್ಲ ಅಂದ ಹಾಗಲ್ಲ. ಯಾಕೆ ಇಲ್ಲ ಅನ್ನುವುದನ್ನು ಬರೆದುಕೊಡಿ ಅಂತ ಕೇಳಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಅನ್ನುವುದು ಆರ್‌ಬಿಐ ನಿಯಮ. ಜಗಳದ ದನಿಯಲ್ಲಿ ಬೇಡ, "ಸರ್, ಏನು ಕಡಿಮೆ ಬಿತ್ತು ಅಂತ ಗೊತ್ತಾದರೆ ಸರಿ ಮಾಡಿಕೊಂಡು ಬರುತ್ತೇನೆ" ಅನ್ನಿ. ಕೊಟೇಶನ್‌ನಲ್ಲಿ ಜಿಎಸ್‌ಟಿ ನಂಬರ್ ಇಲ್ಲ, ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು, ಹಳೇ ಸಾಲದ ಕ್ಲಿಯರೆನ್ಸ್ ಇಲ್ಲ, ಇಂಥ ಕಾರಣವೇ ಜಾಸ್ತಿ. ಅದು ಮತ್ತೆ ಒಂದು ಸಣ್ಣ ಕೊರತೆ, ಹುಡುಕಿದರೆ ಸಿಗುವಂಥದ್ದು. ಸುಮ್ನೆ ಓಡಾಡಿಸುತ್ತಿದ್ದಾರೆ ಅನ್ನಿಸಿದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಕಚೇರಿಗೆ ಹೋಗಿ. ಯಾವ ಬ್ಯಾಂಕಿನಲ್ಲಿ ಯಾವ ಯೋಜನೆಯ ಎಷ್ಟು ಅರ್ಜಿ ಬಾಕಿ ಇದೆ ಅಂತ ನೋಡುವುದು ಅವರ ಕೆಲಸ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಹಾಕಬಹುದು, ಶುಲ್ಕವಿಲ್ಲ. ಅಲ್ಲಿ ಬ್ಯಾಂಕಿಗೆ ದೂರು ಕೊಟ್ಟದ್ದರ ದಾಖಲೆ ಬೇಕಾಗುತ್ತದೆ, ಅರ್ಜಿ ಕೊಟ್ಟದ್ದರ ಸಾಕ್ಷಿಯೂ ಇದ್ದರೆ ಒಳ್ಳೆಯದು. ಹಾಗಾಗಿ ಮೊದಲ ದಿನವೇ ಅರ್ಜಿಯ ಒಂದು ಜೆರಾಕ್ಸ್ ಮೇಲೆ ದಿನಾಂಕದ ಸಮೇತ ಸೀಲ್ ಹಾಕಿಸಿಕೊಂಡು ಬನ್ನಿ.